ಮೂರನೇ ನಂಬರಿನ ಕೌದಿ

ಡಿಸೆಂಬರ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ, ಅಫಜಲಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನೊಂದಿಗೆ ಕೌದಿ ಹೊಲಿಯುವ ಅತನೂರಿನ ನೀಲಮ್ಮ, ಪಕ್ಕದ ಮನೆಯ ಖೈರುನ್‌ಬಿ. ಹೀಗೆ ಬರೆದಿಡುವುದು ನರ್ಸ್ ಆಗಿದ್ದಾಗ ಅಂಟಿದ ಚಾಳಿ, ನಿವೃತ್ತಿಯಾದರೂ ಬಿಟ್ಟಿಲ್ಲ. ಶಿಸ್ತಿನವರ ಬಗ್ಗೆ ಜನರಿಗೆ ಒಂದು ತಪ್ಪು ತಿಳುವಳಿಕೆ ಇದೆ. ಅವರಿಗೆ ಯಾವ ವಸ್ತು ಎಲ್ಲಿದೆ ಎಂದು ಗೊತ್ತಿರುತ್ತದಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ಯಾವ ವಸ್ತು ಎಲ್ಲಿರಬೇಕು ಎಂಬುದು ಚೆನ್ನಾಗಿ ಗೊತ್ತು. ಎಲ್ಲಿದೆ ಎಂದು ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತೇನೆ.

ಒಂದು ಕೌದಿ ಮುಗಿಸಿ ಇನ್ನೊಂದಕ್ಕೆ ಕೈ ಹಚ್ಚುವುದು ಲೋಕರೂಢಿ. ನನಗೆ ಅದು ಸರಿಬೀಳಲಿಲ್ಲ. ಒಬ್ಬ ರೋಗಿ ಗುಣವಾಗಿ ಮನೆಗೆ ಹೋಗುವವರೆಗೆ ಉಳಿದವರನ್ನು ನೋಡದೆ ಇರುತ್ತೇವೆಯೇ? ಆದ್ದರಿಂದ ಐದು ಕೌದಿಗಳನ್ನು ಒಟ್ಟಿಗೆ ಶುರು ಮಾಡಿ, ಒಂದೊಂದಕ್ಕೂ ನಂಬರಿನ ಚೀಟಿ ಚುಚ್ಚಿ, ದಿನಕ್ಕೆ ಅರ್ಧರ್ಧ ಗಂಟೆಯಂತೆ ಅವುಗಳ ನಡುವೆ ರೌಂಡ್ಸ್ ಮಾಡುತ್ತಿದ್ದೆ. ಯಾವುದಕ್ಕೆ ಏನು ಹಾಕಬೇಕು ಎಂಬುದೆಲ್ಲ ರಿಜಿಸ್ಟರಿನಲ್ಲಿ. ಆರು ತಿಂಗಳಾದರೂ ಮುಗಿದದ್ದು ಒಂದೇ, ಅದೂ ನನ್ನದೇ. ನನ್ನ ಹಳೆಯ ಬಿಳಿ ಯೂನಿಫಾರ್ಮ್ ಸೀರೆಗಳನ್ನು ಮೇಲೆ ಹಾಕಿದ ಆ ಕೌದಿಯನ್ನು ಎರಡು ತಿಂಗಳಿನಿಂದ ಹೊದ್ದು ಸುಖವಾಗಿ ಮಲಗುತ್ತಿದ್ದೆ.

ಗುರುವಾರ ಮುಗಿಯಬೇಕಿದ್ದದ್ದು ಖೈರುನ್‌ಬಿಯ ಮಗಳದ್ದು. ಹುಡುಗಿ ಬಾಣಂತನ ಮುಗಿಸಿ ಕೂಸಿನೊಂದಿಗೆ ಜೇವರ್ಗಿಗೆ, ಗಂಡನ ಮನೆಗೆ ಹೊರಟಿದ್ದಳು. ನಾಲ್ಕು ಗಂಟೆಗೆ ಜೀಪು. ಕೆಂಪು, ಹಸಿರು, ಹಳದಿ ಚೌಕಗಳು, ಅಂಚಿಗೆ ಸಾಲಾಗಿ ಪುಟ್ಟ ಕನ್ನಡಿಗಳು. ಆದರೆ ಖೈರುನ್‌ಬಿಗೆ ಬೇಕಿದ್ದದ್ದು ಒಳಗಿನದು. ತೀರಿಕೊಂಡ ತಾಯಿಯದೆಂದು ಉಳಿದಿದ್ದ ಒಂದೇ ಒಂದು ಜರಿಯಂಚಿನ ಸೀರೆಯನ್ನು, ಮುಟ್ಟಿದರೆ ಹರಿಯುವಷ್ಟು ಸವೆದದ್ದನ್ನು, ಒಳಪದರಕ್ಕೆ ಹಾಕಿರಿ ಎಂದು ನನ್ನ ಕೈಗೆ ಕೊಟ್ಟಿದ್ದಳು. ಕೂಸು ಮುತ್ತಜ್ಜಿಯ ಸೀರೆಯಲ್ಲಿ ಮಲಗಲಿ ಎಂಬುದು ಅವಳ ಆಸೆ.

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಒಳಕ್ಕೆ ಸುತ್ತು ಹಾಕುತ್ತ ಹೊಲಿಯುತ್ತೇವೆ. ನಡುವೆ ಅಂಗೈಯಗಲ ಉಳಿದಾಗ ಅಲ್ಲಿ ಒಂದು ಚೂರು ರೊಟ್ಟಿಯಿಟ್ಟು ಮುಚ್ಚುತ್ತೇವೆ. ಇದು ಕೌದಿಯ ಹೊಟ್ಟೆ ತುಂಬಿಸುವ ಶಾಸ್ತ್ರ. ಹಾಗೆ ಮುಚ್ಚಿದ ಹೊಟ್ಟೆಯನ್ನು ಮತ್ತೆ ಬಿಚ್ಚುವುದಿಲ್ಲ. ಖೈರುನ್‌ಬಿ ರೊಟ್ಟಿ ಚೂರು ಹಿಡಿದು ಬಂದಿದ್ದಳು. ಮುಚ್ಚುವ ಮೊದಲು ಒಮ್ಮೆ ತಾಯಿಯ ಸೀರೆ ಮುಟ್ಟಬೇಕೆಂದು ಒಳಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಅಕ್ಕಾ, ಇದು ಅಮ್ಮಿ ಸೀರಿ ಅಲ್ರಿ."

"ಮತ್ತೇನದು?"

ನೀಲಮ್ಮ ಬಗ್ಗಿ ನೋಡಿದಳು. "ಕಿಡಕಿ ಪರದೇರಿ. ನಿಮ್ಮ ಅಡಗಿಮನಿದು. ಒಗ್ಗರಣಿ ವಾಸನಿ ಇನ್ನಾ ಹೋಗಿಲ್ಲ."

ರಿಜಿಸ್ಟರ್ ತೆಗೆದೆ. 'ಖೈರುನ್ ತಾಯಿಯ ಸೀರೆ: ಮೂರನೇ ನಂಬರಿನ ಒಳಗೆ' ಎಂದು ಸ್ಪಷ್ಟವಾಗಿ ಬರೆದಿತ್ತು. ಎದುರಿನ ಕೌದಿಯ ಚೀಟಿಯ ಮೇಲೆ ಐದು ಎಂದಿತ್ತು. ಉಳಿದ ಮೂರು ಅರೆಬರೆ ಕೌದಿಗಳ ಪದರಗಳನ್ನು ಎತ್ತಿ ನೋಡಿದೆವು. ಲುಂಗಿ ಇತ್ತು, ದಿಂಬಿನ ಚೀಲ ಇತ್ತು, ಹೋದ ವರ್ಷದಿಂದ ಹುಡುಕುತ್ತಿದ್ದ ನನ್ನ ಶಾಲು ಇತ್ತು. ಸೀರೆ ಇರಲಿಲ್ಲ. ಖೈರುನ್‌ಬಿ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ರೊಟ್ಟಿ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ನಿಮ್ಮ ಮಂಚದ ಮ್ಯಾಲಿಂದು ನೋಡಿಲ್ಲಲ್ರಿ?" ಎಂದಳು ನೀಲಮ್ಮ.

"ಅದು ನನ್ನದು," ಎಂದೆ.

"ನಂದು ಅಂತ ಬರದೀರೇನು?"

ಬರೆದಿರಲಿಲ್ಲ. ಬಿಳಿ ಕೌದಿ ತಂದು ಹಾಸಿದೆವು. ಖೈರುನ್‌ಬಿ ಕಣ್ಣು ಮುಚ್ಚಿ, ನಾನು ಹಿಂದೆ ರೋಗಿಗಳ ಹೊಟ್ಟೆ ಒತ್ತಿ ನೋಡುತ್ತಿದ್ದಂತೆ, ಬೆರಳಿನಿಂದ ಒತ್ತುತ್ತ ಹೋದಳು. ಕಾಲಿನ ಕಡೆಯ ಅಂಚಿನಲ್ಲಿ ಬೆರಳು ನಿಂತಿತು. "ಇಲ್ಲೇ ಅದ. ಜರಿ ಕೈಗಿ ಹತ್ತಾಕತ್ತದ."

ಆಗ ನೆನಪಾಯಿತು. ಸೀರೆ ಬಂದ ದಿನ ಬಣ್ಣದ ಕೌದಿಯೇ ಮೂರನೆಯದಾಗಿತ್ತು. ಅದೇ ಸಂಜೆ, ಕೆಲಸ ಬೇಗ ಸಾಗಲೆಂದು, ರೌಂಡ್ಸಿನ ಸರದಿಯನ್ನೂ ಎಲ್ಲ ಚೀಟಿಗಳನ್ನೂ ಬದಲಿಸಿದ್ದೆ; ರಿಜಿಸ್ಟರ್ ಮಾತ್ರ ತಿದ್ದಿರಲಿಲ್ಲ. ಮರುದಿನ ರಿಜಿಸ್ಟರ್ ನೋಡಿ, ಮೂರನೇ ಚೀಟಿ ಹುಡುಕಿ, ಸೀರೆ ಹಾಸಿದ್ದೆ; ಐದನೆಯದಕ್ಕೆಂದು ಬರೆದಿದ್ದ ಪರದೆಯನ್ನೂ ಹಾಗೆಯೇ ಐದನೇ ಚೀಟಿಯದಕ್ಕೆ. ಬಿಳಿಯದೋ ಬಣ್ಣದ್ದೋ ಎಂದು ನೋಡಿರಲಿಲ್ಲ. ನಂಬರು ಸರಿ ಇತ್ತಲ್ಲ.

ಕತ್ತರಿ ತಂದೆ. ನೀಲಮ್ಮ ಕೈ ಹಿಡಿದಳು. "ಉಂಡ ಹೊಟ್ಟಿ ಅದ ಅಕ್ಕಾ. ಬಿಚ್ಚಬ್ಯಾಡ್ರಿ. ಕೂಸಿರೂ ಮನಿ, ಚಲೋ ಅಲ್ಲ."

"ಬಿಚ್ಚೂದು ಬ್ಯಾಡ," ಎಂದಳು ಖೈರುನ್‌ಬಿ. ಎರಡೂ ಕೌದಿಗಳನ್ನು ನೋಡಿದಳು. ಆಮೇಲೆ ಬಿಳಿಯದನ್ನೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಇದನ್ನೇ ಒಯ್ತೇನಿ."

"ಅತ್ತೆ ಮನೆಯವರು ಏನಂದಾರು? ಆಸ್ಪತ್ರೆಯಿಂದ ತಂದ ಹಾಗಿದೆ," ಎಂದೆ.

"ಅನ್ಲಿ ಬಿಡ್ರಿ. ಅಮ್ಮಿ ಒಳಗ ಅದಾಳ."

"ಒಗೆದಾದರೂ ಕೊಡುತ್ತೇನೆ."

"ಜೀಪ್ ನಾಕಕ್ಕ ಬರ್ತದ, ಇದು ಒಣಗೂದು ನಾಳಿಗಿ." ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು. ಬೆಳಗಿನಿಂದ ಮೊದಲ ಸಲ ನಕ್ಕಳು. "ನಮ್ಮ ಅಮ್ಮಿ ನಿಮ್ಮ ಒಂದು ಸೂಜಿಗಿ ಹೆದರಿ ಓಣಿ ಬಿಟ್ಟು ಓಡ್ತಿದ್ಳು, ನೆನಪದ ಏನ್ರಿ? ಈಗ ಸಾವಿರ ಸಲ ಚುಚ್ಚಿಸಿಕೊಂಡಾಳ ನೋಡ್ರಿ. ಮ್ಯಾಲ ಎರಡು ತಿಂಗಳು ನಿಮ್ಮನ್ನ ಬೆಚ್ಚಗ ಇಟ್ಟಾಳ."

ಜೀಪು ನಾಲ್ಕಕ್ಕೆ ಸರಿಯಾಗಿ ಬಂತು. ಬಿಳಿ ಕೌದಿಯೊಳಗಿಂದ ಕೂಸಿನ ಮೂಗು ಮಾತ್ರ ಕಾಣುತ್ತಿತ್ತು. ಹುಡುಗಿ ಕೌದಿಯ ಅಂಚನ್ನು ಕೆನ್ನೆಗೆ ಒತ್ತಿಕೊಂಡಿದ್ದಳು. ನನ್ನ ಲೆಕ್ಕದ ಪ್ರಕಾರ ಅದು ತಪ್ಪು ಕೌದಿ. ಅವಳ ಮುಖ ನೋಡಿದರೆ ಹಾಗನ್ನಿಸಲಿಲ್ಲ.

ಚಳಿಗಾಲ; ನನಗೂ ಹೊದಿಕೆ ಬೇಕು. ಮುಗಿಯುವ ಹಂತದಲ್ಲಿ ಉಳಿದದ್ದು ಬಣ್ಣದ್ದೊಂದೇ. ಅಡುಗೆಮನೆಯಿಂದ ಒಂದು ಚೂರು ರೊಟ್ಟಿ ತಂದು ಅದರ ಹೊಟ್ಟೆ ತುಂಬಿಸಿ, ಸಂಜೆ ಐದೂಕಾಲು ಗಂಟೆಗೆ ಕೊನೆಯ ಗಂಟು ಹಾಕಿದೆ. ಎಲ್ಲ ಮುಗಿಸಿ ಮಂಚದ ಮೇಲೆ ಹಾಸಿ, ನಾಲ್ಕೂ ಮೂಲೆಗಳನ್ನು ಆಸ್ಪತ್ರೆಯ ಪದ್ಧತಿಯಂತೆ ಮಡಚಿದೆ. ಬಗ್ಗಿದಾಗ ಅಂಚಿನ ಪ್ರತಿಯೊಂದು ಕನ್ನಡಿಯಲ್ಲಿಯೂ ನನ್ನದೊಂದು ಮುಖ ಕಂಡಿತು. ಅಷ್ಟು ಜನರಲ್ಲಿ ಒಬ್ಬಳಿಗೂ ಯಾವುದು ಯಾರ ಕೌದಿ ಎಂದು ಗೊತ್ತಿದ್ದಂತೆ ಕಾಣಲಿಲ್ಲ.