ರಿವರ್ಸ್ ಸಾಹೇಬರ ರಜೆ

"ನಿಮ್ದು ಏಳನೇ ಜಾಗ ಸಾರ್, ಆ ಎರಡು ತೆಂಗಿನ ಮರದ ಮಧ್ಯೆ. ರಿವರ್ಸ್ ಹಾಕ್ಕೊಂಡು ಬಂದ್ಬಿಡಿ" ಎಂದು ಹೇಳಿ ಕ್ಯಾಂಪಿನ ಮ್ಯಾನೇಜರ್ ಹೋದ. ಅವನಿಗೇನು, ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು. ಕಾರಿನ ಹಿಂದೆ ಮನೆಯಷ್ಟು ದೊಡ್ಡ ಕ್ಯಾರವಾನ್ ಕಟ್ಟಿಕೊಂಡು ಕೂತಿದ್ದ ಸಾಹೇಬರು ಮಾತ್ರ ಎಂಜಿನ್ ಆರಿಸಿಬಿಟ್ಟರು.

ಈ ಸಾಹೇಬರು ಯಾರೆಂದು ಈಗಲೇ ಹೇಳಿಬಿಡುವುದು ವಾಸಿ. ಲೈಸೆನ್ಸ್ ಕಚೇರಿಯಲ್ಲಿ ಡ್ರೈವಿಂಗ್ ಟೆಸ್ಟ್ ನಡೆಸುವ ಮಹಾನುಭಾವರು ಇವರೇ. ಇಪ್ಪತ್ತೆರಡು ವರ್ಷಗಳಿಂದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬಿಸಿಲಲ್ಲಿ ಬೆವರುವ ಜನರಿಂದ ರಿವರ್ಸ್ ಹಾಕಿಸಿ, ನೆಟ್ಟ ಕೋಲು ಒಂದಿಷ್ಟು ಅಲುಗಿದರೂ "ಫೇಲ್! ಮುಂದಿನೋರು ಬನ್ನಿ" ಎನ್ನುವುದೇ ಇವರ ಕೆಲಸ. ಜನ ಇವರಿಗೆ "ರಿವರ್ಸ್ ಸಾಹೇಬ" ಎಂದು ಹೆಸರಿಟ್ಟಿದ್ದರು. ಕಟ್ಟಿಕೊಂಡ ಹೆಂಡತಿಯನ್ನೂ ಮೂರು ಸಲ ಫೇಲ್ ಮಾಡಿ, "ಕಾನೂನಿನ ಮುಂದೆ ಹೆಂಡತಿ, ಹೊರಗಿನವರು ಎಲ್ಲ ಒಂದೇ ಕಣೇ" ಎಂದು ಬುದ್ಧಿ ಹೇಳಿದ್ದರು. ಆ ದಿನದ ಅಡುಗೆಗೆ ಉಪ್ಪು ಬಿದ್ದಿರಲಿಲ್ಲ.

ಈಗ ಮುಖ್ಯ ಪರೀಕ್ಷಾಧಿಕಾರಿಯಾಗಿ ಬಡ್ತಿ ಸಿಗುವುದರಲ್ಲಿತ್ತು. ಕಡತ ಕೇಂದ್ರ ಕಚೇರಿಗೆ ಹೋಗಿತ್ತು, ಮುಂದಿನ ವಾರ ಆದೇಶ. ಇಷ್ಟು ವರ್ಷದಲ್ಲಿ ಇವರ ಮೇಲೆ ಒಂದೇ ಒಂದು ದೂರಿಲ್ಲ ಎಂಬುದೇ ಆ ಕಡತದ ದೊಡ್ಡ ಬಲ. ದೂರು ಕೊಟ್ಟವನೂ ಮರುಪರೀಕ್ಷೆಗೆ ಇವರ ಮುಂದೆಯೇ ಬಂದು ನಿಲ್ಲಬೇಕಲ್ಲ, ಯಾರು ಕೊಡುತ್ತಾರೆ! ಬಡ್ತಿಯ ಖುಷಿಗೆ ಸಾಹೇಬರು ಕ್ಯಾರವಾನ್ ಬಾಡಿಗೆಗೆ ಹಿಡಿದು, ಹೆಂಡತಿಯನ್ನು ಕರೆದುಕೊಂಡು ಕರಾವಳಿ ಪ್ರವಾಸ ಹೊರಟಿದ್ದರು.

ಮೂರು ದಿನ ಅವರು ಬರೀ ಮುಂದಕ್ಕೇ ಬಂದಿದ್ದರು. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡಬಹುದಾದ ಪೆಟ್ರೋಲ್ ಬಂಕುಗಳಲ್ಲಷ್ಟೇ ನಿಲ್ಲಿಸಿದ್ದರು. ಒಮ್ಮೆ ದಾರಿ ತಪ್ಪಿದಾಗ ಹದಿನೆಂಟು ಕಿಲೋಮೀಟರ್ ಮುಂದೆ ಹೋಗಿ ಸುತ್ತು ಹಾಕಿ ಬಂದು, "ನಿನಗೆ ಸಮುದ್ರ ಚೆನ್ನಾಗಿ ಕಾಣ್ಲಿ ಅಂತ ಬಂದೆ" ಎಂದಿದ್ದರು.

ಹನ್ನೊಂದು ಗಂಟೆಗೆ ಸಾಹೇಬರು ರಿವರ್ಸ್ ಗೇರ್ ಹಾಕಿದರು. ಕ್ಯಾರವಾನ್ ಎಳೆಯುವ ಗಾಡಿಗೆ ಒಂದು ಕೆಟ್ಟ ಗುಣವಿದೆ. ಹಿಂದಕ್ಕೆ ಹೋಗುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ಬಲಕ್ಕೆ ಹೋಗುತ್ತದೆ. ಸಾಹೇಬರು ಎಡಕ್ಕೆ ತಿರುಗಿಸಿದರು, ಅದು ಬಲಕ್ಕೆ ಹೋಯಿತು. ಸಿಟ್ಟಿನಿಂದ ಇನ್ನಷ್ಟು ಎಡಕ್ಕೆ ತಿರುಗಿಸಿದರು, ಅದು ಇನ್ನಷ್ಟು ಬಲಕ್ಕೆ ಹೋಗಿ, ಮುನಿಸಿಕೊಂಡ ಬೀಗರ ಹಾಗೆ ಅಡ್ಡ ತಿರುಗಿ ನಿಂತಿತು.

"ಈ ನೆಲಾನೇ ಸರಿಯಿಲ್ಲ. ಇಳಿಜಾರು" ಎಂದರು ಸಾಹೇಬರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹೆಂಡತಿ ಕೆಳಗಿಳಿದು ಮಡಿಚುವ ಕುರ್ಚಿ ಬಿಚ್ಚಿ, ಸಮುದ್ರದ ಕಡೆ ಮುಖ ಮಾಡಿ ಕೂತಳು.

ಅಷ್ಟರಲ್ಲಿ ಆರನೇ ಜಾಗದಿಂದ ಒಬ್ಬ ಮುದುಕರು ಓಡೋಡಿ ಬಂದರು. ಮೂವತ್ತೈದು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಕೈಗೆ ಕೆಲಸವಿಲ್ಲದೆ ಅಂಗೈ ತುರಿಸುತ್ತಿತ್ತು.

"ನೀವು ಕೂತ್ಕೊಳ್ಳಿ ಸಾರ್, ನಾನ್ ಹೇಳ್ತೀನಿ. ಎಂತೆಂಥ ಗಾಡಿ ಹಿಂದಕ್ಕೆ ಹಾಕ್ಸಿದ್ದೀನಿ! ಹಾಂ, ಬರ್ಲಿ... ಬರ್ಲಿ... ಬರ್ಲಿ... ರೈಟ್! ರೈಟ್!"

ಸಾಹೇಬರು ರೈಟಿಗೆ, ಎಂದರೆ ಬಲಕ್ಕೆ, ಪೂರ್ತಿ ತಿರುಗಿಸಿದರು. ಕ್ಯಾರವಾನ್ ಎಡಕ್ಕೆ ಹಾರಿ ಕಂಡಕ್ಟರರ ಬಟ್ಟೆ ಒಣಗುವ ಹಗ್ಗಕ್ಕೆ ನುಗ್ಗಿತು. ಎರಡು ಟವೆಲ್ಲು, ಒಂದು ಬನಿಯನ್ನು, ಕಂಡಕ್ಟರರ ಹೆಂಡತಿಯ ಹೊಸ ಸೀರೆ ಚಕ್ರಕ್ಕೆ ಸುತ್ತಿಕೊಂಡವು.

"ಹೋಲ್ಡಾನ್! ಅಯ್ಯಯ್ಯೋ! ರೈಟ್ ಅಂದ್ರೆ ಹೋಗ್ಲಿ ಅಂತ ಕಣ್ರೀ! ಯಾವ ಭಾಷೇಲಿ ಹೇಳ್ಬೇಕು ನಿಮಗೆ?"

ಗಲಾಟೆ ಕೇಳಿ ಎಂಟನೇ ಜಾಗದ ಗಣಿತದ ಟೀಚರ್ ಕೋಲು ಹಿಡಿದು ಬಂದರು. ಮರಳಿನ ಮೇಲೆ ಒಂದು ತ್ರಿಕೋನ ಗೀಚಿ, "ಇದು ಕಾರು, ಇದು ಕ್ಯಾರವಾನ್. ಈ ಕೋನ ಜಾಸ್ತಿ ಆದ್ರೆ ಏನಾಗುತ್ತೆ? ಹೇಳಿ" ಎಂದು ಸಾಹೇಬರನ್ನೇ ಪ್ರಶ್ನೆ ಕೇಳಿದರು. ಇಪ್ಪತ್ತೆರಡು ವರ್ಷ ಬೇರೆಯವರ ಬೆವರು ಇಳಿಸಿದ ಮನುಷ್ಯನೇ ಈಗ ಕರ್ಚೀಫಿನಿಂದ ಬೆವರು ಒರೆಸಿಕೊಳ್ಳಬೇಕಾಯಿತು.

ಹೆಂಡತಿ ಕುರ್ಚಿಯಿಂದಲೇ ಕೇಳಿದಳು, "ರೀ, ನಾನೊಂದ್ಸಲ ನೋಡ್ಲಾ?"

"ಲೈಸೆನ್ಸ್ ಇಲ್ಲದೋರು ಸ್ಟೀರಿಂಗ್ ಮುಟ್ಟೋದು ಅಪರಾಧ!"

ಕಂಡಕ್ಟರರಿಗೆ ಲೈಸೆನ್ಸ್ ಎಂಬ ಮಾತು ಕೇಳಿದ್ದೇ ಮೈಯೆಲ್ಲ ಉರಿದುಹೋಯಿತು. "ಆ ಹೆಸರು ಎತ್ತಬೇಡಿ ಸಾರ್. ನಮ್ ಕಡೆ ಒಬ್ಬ ಇದ್ದಾನೆ, ರಿವರ್ಸ್ ಸಾಹೇಬ ಅಂತ. ನನ್ನ ಮಗಳು ಹೂವು ಎತ್ತಿಟ್ಟ ಹಾಗೆ ಗಾಡಿ ಓಡಿಸ್ತಾಳೆ. ಅವಳನ್ನ ನಾಲ್ಕು ಸಲ ಫೇಲ್ ಮಾಡಿದ್ದಾನೆ ಪಾಪಿ! ನರ್ಸ್ ಕೆಲಸ ಸಿಕ್ಕಿತ್ತು, ಆಸ್ಪತ್ರೆ ಗಾಡಿ ಓಡಿಸೋಕೆ ಬರಬೇಕು ಅಂದ್ರು. ಲೈಸೆನ್ಸ್ ಇಲ್ಲ, ಕೆಲಸಾನೂ ಹೋಯ್ತು. ಒಂದ್ಸಲ ಕೈಗೆ ಸಿಗ್ಲಿ ಅವನು, ನೋಡ್ಕೋತೀನಿ. ಅಂದ ಹಾಗೆ ನೀವು ಏನ್ ಕೆಲಸ ಮಾಡ್ತೀರಿ?"

"ಆಫೀಸಲ್ಲಿ... ಪೇಪರ್ ಕೆಲಸ" ಎಂದರು ಸಾಹೇಬರು. ಹೆಂಡತಿಯ ಕಡೆ ನೋಡಿದರು. ಅವಳು ಒಂದು ಏಡಿ ಮರಳಲ್ಲಿ ಅಡ್ಡಡ್ಡ ಓಡುವುದನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

ಅಲ್ಲಿಂದಾಚೆಗೆ ಸಾಹೇಬರಿಗೆ ಕ್ಯಾರವಾನ್ ನಿಲ್ಲಿಸುವುದಕ್ಕಿಂತ ತಾವು ಯಾರೆಂದು ಮುಚ್ಚಿಡುವುದೇ ದೊಡ್ಡ ಕೆಲಸವಾಯಿತು. ಗುಟ್ಟು ರಟ್ಟಾದರೆ ಕಂಡಕ್ಟರು ಬಿಡುವ ಆಸಾಮಿಯಲ್ಲ. ದೂರು ಹೋಗುತ್ತದೆ, ದೂರು ಹೋದರೆ ಬಡ್ತಿ ಹೋಗುತ್ತದೆ. ಬೇಗ ಮುಗಿಸಿ ಒಳಗೆ ಸೇರಿ ಪರದೆ ಎಳೆದುಕೊಂಡರೆ ಸಾಕೆಂದು, ಮೂರು ಗಂಟೆಯ ಉರಿಬಿಸಿಲಲ್ಲಿ ಒಂದೇ ಏಟಿಗೆ ಹಿಂದಕ್ಕೆ ನುಗ್ಗಿಸಿದರು. ಕ್ಯಾರವಾನ್ ಏಳನೇ ಜಾಗವನ್ನು ಬಿಟ್ಟು, ಅದರ ಪಕ್ಕದ ಕೊಳಾಯಿ ಕಂಬವನ್ನು ಬುಡಸಮೇತ ಕಿತ್ತುಹಾಕಿತು. ನೀರು ತೆಂಗಿನ ಗರಿ ಮುಟ್ಟುವಷ್ಟು ಎತ್ತರಕ್ಕೆ ಚಿಮ್ಮಿತು. ಸ್ನಾನದ ಮನೆಗಳಿಂದ ತಲೆತುಂಬ ಸೋಪಿನ ನೊರೆ ಹೊತ್ತ ಜನ ಬೈದುಕೊಂಡು ಹೊರಗೆ ಬಂದರು.

ಮ್ಯಾನೇಜರ್ ಓಡಿಬಂದು ಕೈಚಾಚಿದ. "ಲೈಸೆನ್ಸ್ ಕೊಡಿ ಸಾರ್."

ಸಾಹೇಬರು ಕಾರ್ಡು ತೆಗೆದು ಕೊಟ್ಟರು. ಮ್ಯಾನೇಜರ್ ಓದಿ ಹುಬ್ಬು ಗಂಟಿಕ್ಕಿದ. "ಕ್ಯಾರವಾನ್ ಎಳೆಯೋಕೂ ಪರ್ಮಿಷನ್ ಕೊಟ್ಟಿದ್ದಾರೆ! ನಿಮಗೆ?"

"ಇವರದೇನ್ರೀ ತಪ್ಪು?" ಎಂದರು ಕಂಡಕ್ಟರು. "ಇವರಿಗೆ ಬರಲ್ಲ, ಪಾಪ, ಕಣ್ಣಿಗೆ ಕಾಣುತ್ತೆ. ಇವರಿಗೆ ಲೈಸೆನ್ಸ್ ಕೊಟ್ನಲ್ಲ, ಅವನ್ನ ಹಿಡೀಬೇಕು. ನನ್ನ ಮಗಳಿಗೆ ಇಲ್ಲ, ಇವರಿಗೆ ಇದೆ! ಟೀಚರೇ, ಬರೀರಿ ಒಂದು ದೂರು. ಎಲ್ಲರೂ ಸಹಿ ಹಾಕೋಣ."

ದೂರು ಎಂದ ಕೂಡಲೇ ಸಾಹೇಬರು ಬೇಡವೆನ್ನಲು ಬಾಯಿ ತೆರೆದರು. ಮರುಕ್ಷಣ ಕಚೇರಿಯ ಬುದ್ಧಿ ಚುರುಕಾಯಿತು. ಅಧಿಕಾರಿಯ ಹೆಸರಿಲ್ಲದ ದೂರುಗಳು ಎಲ್ಲಿಗೆ ಹೋಗುತ್ತವೆಂದು ಅವರಿಗೆ ಗೊತ್ತಿಲ್ಲವೆ? ಅಂಥ ಎಷ್ಟೋ ದೂರುಗಳನ್ನು ತಾವೇ ಕಸದ ಬುಟ್ಟಿಗೆ ಹಾಕಿದ್ದರು. ಈಗ ಬೇಡ ಎಂದರೆ ಅನುಮಾನ ಬರುತ್ತದೆ, ಇವರ ಜೊತೆ ಸೇರಿ ತಾವೂ ನಾಲ್ಕು ಬೈಗುಳ ಬೈದರೆ ಗುಟ್ಟು ಭದ್ರ.

"ಬರೀರಿ, ಬರೀರಿ!" ಎಂದು ಸಾಹೇಬರು ಮುಂದೆ ಬಂದು ನಿಂತರು. "ಆ ಅಧಿಕಾರಿ ನನ್ನನ್ನ ಟೆಸ್ಟೇ ಮಾಡ್ಲಿಲ್ಲ ಅಂತ ಬರೀರಿ. ಗಾಡಿ ಹತ್ತಿಸ್ಲಿಲ್ಲ, ರಿವರ್ಸ್ ಕೇಳ್ಲಿಲ್ಲ, ಕೂತಲ್ಲೇ ಸಹಿ ಜಡಿದ. ಇಂಥೋರಿಂದಾನೇ ದೇಶ ಹಾಳಾಗ್ತಿರೋದು!"

"ಭಲೆ!" ಎಂದು ಕಂಡಕ್ಟರು ಬೆನ್ನು ತಟ್ಟಿದರು. ಸೋಪಿನ ನೊರೆಯ ಜನ ಚಪ್ಪಾಳೆ ಹೊಡೆದರು. ಬೆಳಗಿನಿಂದ ಸಿಕ್ಕ ಮೊದಲ ಚಪ್ಪಾಳೆ. ಆ ಅಮಲಿನಲ್ಲಿ ಸಾಹೇಬರು ಎಲ್ಲರಿಗಿಂತ ಮೊದಲು, ಉದ್ದ ಬಾಲ ಎಳೆದು ಠೀವಿಯಿಂದ ಸಹಿ ಹಾಕಿದರು. ಮ್ಯಾನೇಜರ್ ಕಾಗದದ ಫೋಟೋ ತೆಗೆದು ಮೊಬೈಲಿನಿಂದಲೇ ಕೇಂದ್ರ ಕಚೇರಿಯ ದೂರು ವಿಭಾಗಕ್ಕೆ ಕಳಿಸಿದ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಮ್ಯಾನೇಜರ್ ಗಟ್ಟಿಯಾಗಿ ಓದಿದ: "ದೂರು ಗಂಭೀರವಾಗಿದೆ. ಸಂಬಂಧಪಟ್ಟ ಅಧಿಕಾರಿಯನ್ನು ಗುರುತಿಸಲು ಲೈಸೆನ್ಸಿನ ಹಿಂಬದಿಯ ಚಿತ್ರ ಕೂಡಲೇ ಕಳಿಸಿ."

"ಕಾರ್ಡ್ ಇಲ್ಲಿ ಕೊಡಿ!" ಎಂದು ಸಾಹೇಬರು ಹಾರಿದರು. ಅಷ್ಟರಲ್ಲಿ ಮ್ಯಾನೇಜರ್ ಅದನ್ನು ತಿರುಗಿಸಿ ಫೋಟೋ ತೆಗೆದು ಕಳಿಸಿಯೇ ಬಿಟ್ಟಿದ್ದ. ಹಿಂಬದಿಯಲ್ಲಿ ಪರೀಕ್ಷಾಧಿಕಾರಿಯ ಮೊಹರಿತ್ತು, ಮೊಹರಿನ ಮೇಲೆ ಉದ್ದ ಬಾಲದ ಸಹಿ ಇತ್ತು. ಟೀಚರ್ ಕನ್ನಡಕ ಏರಿಸಿಕೊಂಡು ಕಾರ್ಡಿನ ಮುಂಬದಿಯಲ್ಲಿದ್ದ ಸಾಹೇಬರ ಸಹಿ ನೋಡಿದರು, ಹಿಂಬದಿ ನೋಡಿದರು, ಕೈಯಲ್ಲಿದ್ದ ದೂರನ್ನೂ ನೋಡಿದರು.

"ಮೂರೂ ಸರ್ವಸಮ" ಎಂದರು.

ಕಂಡಕ್ಟರು ಕಾರ್ಡು ಕಿತ್ತುಕೊಂಡರು. "ಈ ಬಾಲ! ನನ್ನ ಮಗಳ ನಾಲ್ಕು ಫೇಲ್ ಕಾಗದದ ಮೇಲೂ ಇದೇ ಬಾಲ!" ಎಂದವರು ನಿಧಾನವಾಗಿ ತೋಳು ಮಡಿಚತೊಡಗಿದರು. ಸಾಹೇಬರು ಇಂಗು ತಿಂದ ಮಂಗನಂತೆ ನಿಂತಿದ್ದರು.

"ಲೇ, ನೀನಾದ್ರೂ ಏನಾದ್ರೂ ಹೇಳೇ ಇವರಿಗೆ!" ಎಂದು ಹೆಂಡತಿಗೆ ಮೊರೆಯಿಟ್ಟರು.

ಹೆಂಡತಿ ಕುರ್ಚಿ ಮಡಿಚಿಟ್ಟು, ಸೀರೆಯ ಮರಳು ಕೊಡವಿಕೊಂಡು ಬಂದಳು. ಟೀಚರ್ ಕೈಯಿಂದ ಪೆನ್ನು ಇಸಿದುಕೊಂಡಳು.

"ಸಾಕ್ಷಿ ಅಂತ ನನ್ನ ಹೆಸರೂ ಬರ್ಕೊಳ್ಳಿ ಟೀಚರೇ. ಇವರು ಹೇಳಿದ್ದು ಅಕ್ಷರ ಅಕ್ಷರ ನಿಜ. ನಮ್ಮನೆ ಊಟದ ಮೇಜಿನ ಮೇಲೇ ಸಹಿ ಹಾಕಿದ್ದು, ಇನ್ನೂ ಕೈ ಕೂಡ ತೊಳೆದಿರ್ಲಿಲ್ಲ."