ನಟ್ಟನಡುವಿನ ಪತ್ರ

ಪ್ಯಾಕಿಂಗ್ ಎಂದರೆ ನಾನು, ನಾನೆಂದರೆ ಪ್ಯಾಕಿಂಗ್ ಎಂದು ಮನೆಯಲ್ಲಿ ಡಂಗುರ ಸಾರಿದ್ದೆ. ಸುಮ್ಮನೆ ಅಲ್ಲ! ಗಾಜಿನ ಸಾಮಾನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ನಾನು. ನನ್ನ ಕೈಯಿಂದ ಹೊರಟ ಲೋಟ ಹಡಗು ಹತ್ತಿ ಇಳಿದರೂ ಒಂದು ಗೀರು ಬಿದ್ದದ್ದಿಲ್ಲ. ಹೀಗಿರುವಾಗ ಮಗಳು ಒಂದು ಸೆಮಿಸ್ಟರ್ ಓದಲು ವಿದೇಶಕ್ಕೆ ಹೊರಟರೆ ಅವಳ ಸೂಟ್‌ಕೇಸನ್ನು ಇನ್ನೊಬ್ಬರು ಮುಟ್ಟುವುದುಂಟೆ?

"ಐದು ತಿಂಗಳ ಸಾಮಾನು, ಒಂದೇ ಪೆಟ್ಟಿಗೆ. ನೋಡ್ತಾ ಇರಿ!" ಎಂದೆ.

"ನೋಡ್ತೀನಿ, ದೂರದಿಂದ," ಎಂದರು ನಮ್ಮ ಯಜಮಾನರು. ಇವರು ಸ್ಕೂಲ್ ಮೇಷ್ಟ್ರು. ಮನೆಯಲ್ಲೂ ಅಂಕ ಹಾಕುತ್ತಾರೆ, ಅದೂ ಬಿಗಿಯಾಗಿ.

ಕಾರ್ಖಾನೆಯಲ್ಲಿ ನಮಗೆ ಎರಡೇ ನಿಯಮ. ಪೆಟ್ಟಿಗೆಯೊಳಗೆ ಗಾಳಿಗೂ ಜಾಗ ಬಿಡಬಾರದು. ತೀರಾ ಬೆಲೆಬಾಳುವ ವಸ್ತು ನಟ್ಟನಡುವೆ ಇರಬೇಕು. ಮೂರು ದಿನ ಊಟದ ಪರಿವೆಯಿಲ್ಲದೆ ತುಂಬಿದೆ. ಬೂಟಿನೊಳಗೆ ಲೋಟ, ಲೋಟದೊಳಗೆ ಕಾಲುಚೀಲ, ಕಾಲುಚೀಲದೊಳಗೆ ಸೋಪು! ಸ್ವೆಟರಿನ ಒಂದು ತೋಳಿಗೆ ಛತ್ರಿ, ಇನ್ನೊಂದಕ್ಕೆ ಬಟ್ಟೆ ಕ್ಲಿಪ್ಪುಗಳು. ಕೊನೆಗೆ ನಾನು ಮೇಲೆ ಕೂತು, ಯಜಮಾನರು ಎಳೆದು, ಜಿಪ್ ಹಾಕಿದ್ದಾಯಿತು.

ನಾವಿಬ್ಬರೂ ಸಂದರ್ಶಕರ ಟಿಕೆಟ್ ಕೊಂಡು ಮಗಳ ಜೊತೆ ವಿಮಾನ ನಿಲ್ದಾಣದೊಳಗೆ ಹೋದೆವು. ಕೌಂಟರಿನಾಕೆ ಪಾಸ್‌ಪೋರ್ಟ್ ನೋಡಿದಳು, ಟಿಕೆಟ್ ನೋಡಿದಳು. "ಕಾಲೇಜಿನ ಪ್ರವೇಶ ಪತ್ರ ಕೊಡಿ. ಒರಿಜಿನಲ್ ಬೇಕು."

ಮಗಳು ನನ್ನತ್ತ ಕೈ ಚಾಚಿದಳು. "ಅಮ್ಮಾ, ನಿನ್ನ ಹತ್ರಾನೇ ಇದ್ಯಲ್ಲ, ಕೊಡು."

"ಭದ್ರವಾಗಿದೆ!" ಎಂದೆ ಎದೆಯುಬ್ಬಿಸಿ.

"ಎಲ್ಲಿ?"

ಉಬ್ಬಿದ ಎದೆ ಧಸಕ್ಕೆಂದಿತು. "ನಟ್ಟನಡುವೆ," ಎಂದೆ.

"ಯಾವುದರ ನಟ್ಟನಡುವೆ?" ಎಂದರು ಯಜಮಾನರು. ಗೊತ್ತಿದ್ದೂ ಕೇಳುವ ಪ್ರಶ್ನೆ! ನಾನು ಸೂಟ್‌ಕೇಸಿನ ಕಡೆ ಬೆರಳು ತೋರಿಸಿದೆ.

"ಪತ್ರ ಇಲ್ದೆ ವಿಮಾನ ಹತ್ಸೋಕಾಗಲ್ಲ. ಕೌಂಟರ್ ಮುಚ್ಚೋಕೆ ಇಪ್ಪತ್ತೈದು ನಿಮಿಷ ಇದೆ," ಎಂದಳು ಕೌಂಟರಿನಾಕೆ. ನಾಳೆ ಸಂಜೆಯೊಳಗೆ ಕಾಲೇಜಿಗೆ ಹಾಜರಾಗದಿದ್ದರೆ ಮಗಳ ಸೀಟು ಇನ್ನೊಬ್ಬರ ಪಾಲು. ಆ ಸೀಟಿಗಾಗಿ ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದಾಳೆ ಹುಡುಗಿ.

ಕೌಂಟರಿನ ಮುಂದೆಯೇ ನೆಲದ ಮೇಲೆ ಸೂಟ್‌ಕೇಸ್ ಮಲಗಿಸಿದೆವು. ಜಿಪ್ ಎಳೆದದ್ದೇ ತಡ, ದಿಂಬು ಹೊರಗೆ ಹಾರಿತು! ಅದರ ಕೆಳಗಿನದ್ದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೆರಳು ತೂರಲು ಸಂದಿಲ್ಲ. ಅಷ್ಟು ಚೆನ್ನಾಗಿ ತುಂಬಿದ್ದೆ, ಹಾಳಾದವಳು!

"ಇಪ್ಪತ್ತು ನಿಮಿಷ!" ಎಂದು ಕೂಗಿದರು ಯಜಮಾನರು.

"ಸುಮ್ನಿರ್ರೀ! ಇದೇನು ಪರೀಕ್ಷೆ ಹಾಲಾ?"

"ಪರೀಕ್ಷೇಲಾದ್ರೆ ಸಪ್ಲಿಮೆಂಟರಿ ಇರುತ್ತೆ ಕಣೇ. ಇಲ್ಲಿ ಅದೂ ಇಲ್ಲ."

ಲಂಗ, ಟವೆಲ್, ಒಳ ಉಡುಪು ಎಲ್ಲ ಜನರ ಕಾಲಡಿ ಹರಡಿದವು. ಕ್ಲಿಪ್ಪುಗಳು ಚೆಲ್ಲಾಪಿಲ್ಲಿಯಾದವು. ಮಗಳು ತುಟಿ ಕಚ್ಚಿಕೊಂಡು ಎಳೆಯುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಜಂಬಕ್ಕೆ ಇವಳ ಓದು ಬಲಿಯಾಯಿತಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು.

ಕಂಬಳಿಯ ಆರನೇ ಮಡಿಕೆಯಲ್ಲಿ ಪತ್ರ ಸಿಕ್ಕಿತು. ಒಂದು ಸುಕ್ಕಿಲ್ಲ! ಆ ಹೊತ್ತಿನಲ್ಲೂ ಒಂದು ಕ್ಷಣ ಹೆಮ್ಮೆಯಾಯಿತು ನೋಡಿ, ನನ್ನ ಬುದ್ಧಿಗಿಷ್ಟು!

ಕೌಂಟರಿನಾಕೆ ಪತ್ರ ಓದಿ, ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ನನ್ನ ಕೈಗೇ ಕೊಟ್ಟಳು. "ಸರಿ ಇದೆ. ಸಾಮಾನು ಬೇಗ ತುಂಬಿ, ಏಳೇ ನಿಮಿಷ."

ಮೂರು ದಿನದ ಕೆಲಸ, ಏಳು ನಿಮಿಷ! ಮಗಳು ನೆಲಕ್ಕೆ ಕೂತಳು. "ಇದು ಬೇಕು. ಇದು ಬೇಡ. ಇದಂತೂ ಬೇಡವೇ ಬೇಡ!" ಬೇಕಾದದ್ದು ಪೆಟ್ಟಿಗೆಗೆ, ಬೇಡದ್ದು ಅಪ್ಪನ ತೋಳಿಗೆ. ನಾನೂ ಬಗ್ಗಿ ಕೈಜೋಡಿಸಿದೆ. ಜಿಪ್ ಸರ್ರೆಂದು ಮುಚ್ಚಿತು. ಸೂಟ್‌ಕೇಸ್ ಸಾಮಾನು ಒಯ್ಯುವ ಬೆಲ್ಟ್ ಏರಿತು. ಅಬ್ಬಾ!

"ಪತ್ರ ಕೈಯಲ್ಲೇ ಇಟ್ಕೊಳ್ಳಿ, ಅಲ್ಲಿ ಇಳಿದ ಮೇಲೂ ಕೇಳ್ತಾರೆ," ಎಂದಳು ಕೌಂಟರಿನಾಕೆ.

"ಅಮ್ಮಾ, ಪತ್ರ."

ಬಲಗೈ ನೋಡಿದೆ. ಎಡಗೈ ನೋಡಿದೆ. ಎರಡೂ ಖಾಲಿ. ತುಂಬುವಾಗ ಎದುರಿಗೆ ತೆರೆದ ಪೆಟ್ಟಿಗೆಯಿತ್ತು, ಕೈಯಲ್ಲಿ ಬೆಲೆಬಾಳುವ ವಸ್ತುವಿತ್ತು. ಇಪ್ಪತ್ತೆರಡು ವರ್ಷ ಪಳಗಿದ ಕೈ ನನ್ನನ್ನು ಒಂದು ಮಾತೂ ಕೇಳದೆ ತನ್ನ ಕೆಲಸ ಮುಗಿಸಿತ್ತು!

"ನಿಲ್ಸಿ!" ಎಂದು ಕಿರುಚಿ ಸೂಟ್‌ಕೇಸಿನ ಮೇಲೆ ಬಿದ್ದು ಅಪ್ಪಿಕೊಂಡೆ. ಬೆಲ್ಟ್ ನನ್ನನ್ನೂ ಸೇರಿಸಿ ಎಳೆದುಕೊಂಡು ಹೊರಟಿತು. ಕೌಂಟರಿನಾಕೆ ಗುಂಡಿ ಒತ್ತದಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ. ಮಗಳು ಜಿಪ್ ಸರಿಸಿ, ತೋಳು ತೂರಿಸಿ, ಪತ್ರ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡು ಮತ್ತೆ ಮುಚ್ಚಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಮ್ಮಾ, ಆ ಕಂಬದ ಹತ್ರ ನಿಂತ್ಕೋ," ಎಂದಳು ಪತ್ರ ಕೈಗೆ ತೆಗೆದುಕೊಂಡು. "ಎರಡೂ ಕೈ ಬೆನ್ನ ಹಿಂದೆ. ನಾನು ಆ ಬಾಗಿಲು ದಾಟೋವರ್ಗೂ ಏನೂ ಮುಟ್ಬೇಡ."

ನಲವತ್ತು ಜನರನ್ನು ಗದರಿಸಿ ಕೆಲಸ ಮಾಡಿಸುವ ನಾನು ಹೋಗಿ ನಿಂತೆ, ಕೈ ಹಿಂದೆ ಕಟ್ಟಿಕೊಂಡು. ಅವಳೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಕೆನ್ನೆ ಒದ್ದೆಯಾಗಿತ್ತು, ಅವಳದೋ ನನ್ನದೋ ತಿಳಿಯಲಿಲ್ಲ. ಆಮೇಲೆ ಓಡಿದಳು. ಬಾಗಿಲ ಬಳಿ ತಿರುಗಿ ನೋಡಿದಳು.

ಯಜಮಾನರು ದಿಂಬು, ಛತ್ರಿ, ಕಂಬಳಿ ಹೊತ್ತು ನನ್ನ ಪಕ್ಕದಲ್ಲಿ ನಿಂತಿದ್ದರು.

"ರೀ," ಎಂದೆ, "ಈಗ ಕೈ ಬೀಸಬಹುದಾ?"

ಮೇಷ್ಟ್ರು ಸ್ವಲ್ಪ ಯೋಚಿಸಿದರು.

"ಒಂದೇ ಕೈ," ಎಂದರು.