ಬೀಗಿತ್ತಿಗಾಗಿ ಕಾದ ಹೀಟರು

ಆ ದಿನ ಬೆಳಗ್ಗೆ ಎಲ್ಲವೂ ಎಂದಿನಂತೆಯೇ ನಡೆದಿತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಹಾಲು ಉಕ್ಕಿಸಿ ಒಲೆ ಒರೆಸಿದೆ, ಕಾಫಿ ಲೋಟವನ್ನು ಒಯ್ದು ಕಾರಿನ ಕೆಳಗಿನಿಂದ ಚಾಚಿಕೊಂಡಿದ್ದ ಎರಡು ಪಾದಗಳ ಪಕ್ಕ ಇಟ್ಟೆ. ಪಾದಗಳು ನಮ್ಮ ಮಾವನವರವು. ನಮ್ಮ ಮಂಡ್ಯದ ಬಿಸಿಲಿನಲ್ಲಿ ಬದುಕಿಯೂ ಕಾರಿಗೆ ಹೀಟರ್ ಬೇಕೇ ಬೇಕೆಂದು ಹಟ ಹಿಡಿದ ಮನುಷ್ಯ ಅವರೊಬ್ಬರೇ ಎಂದು ದೀಪ ಮುಟ್ಟಿ ಆಣೆ ಮಾಡಿ ಹೇಳಬಲ್ಲೆ!

ಕಾರಿನ ಕೆಳಗಿನಿಂದಲೇ ಸ್ಪ್ಯಾನರ್ ಕೇಳಿದರು, ಕೊಟ್ಟೆ. ಖಾಲಿ ಲೋಟ ಹೊರಬಂತು. "ಥ್ಯಾಂಕ್ಸ್ ಮಾವ" ಎಂದೆ.

"ಲೋಟ ಕೊಟ್ಟಿದ್ಕೂ ಥ್ಯಾಂಕ್ಸಾ? ಲೇ ಕಾನ್ವೆಂಟು, ಮನೆಯೋರ್ಗೆ ಯಾರಮ್ಮ ಥ್ಯಾಂಕ್ಸ್ ಯೋಳ್ತಾರೆ!"

ಮಾವ ನಿವೃತ್ತ ಇತಿಹಾಸದ ಮೇಷ್ಟ್ರು. ಅವರ ಹಳೆಯ ಜರ್ಮನ್ ಕಾರನ್ನು ನಮ್ಮ ಗುತ್ತಲು ಬಡಾವಣೆಯ ಮಕ್ಕಳೆಲ್ಲ ಆಮೆ ಕಾರು ಎನ್ನುತ್ತಾರೆ. ಎಂಜಿನ್ ಇರುವುದು ಹಿಂದೆ. ಬಿಸಿ ಹೊಗೆ ಹೋಗುವ ಕೊಳವೆಗಳ ಸುತ್ತ ಎರಡು ತಗಡಿನ ಡಬ್ಬಿಗಳಿವೆ. ಅವುಗಳೊಳಗೆ ಹಾಯುವ ಗಾಳಿ ಕಾದು ಕಾರಿನೊಳಗೆ ಬರುತ್ತದೆ. ಅದೇ ಹೀಟರು. ವರ್ಷಗಳಿಂದ ತುಕ್ಕು ಹಿಡಿದು ಬಿದ್ದಿದ್ದ ಆ ಡಬ್ಬಿಗಳ ಮೇಲೆ ಮಾವನಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದಕ್ಕೆ ಕಾರಣ ನಮ್ಮಮ್ಮ.

ಅಮ್ಮ ಮಳವಳ್ಳಿಯಲ್ಲಿ ಅಣ್ಣನ ಜೊತೆ ಇದ್ದಾಳೆ. ಅವಳಿಗೆ ಮುಖದ ನರದ ನೋವು. ತಣ್ಣನೆ ಗಾಳಿ ಕೆನ್ನೆಗೆ ಸೋಕಿದರೂ, ಗಟ್ಟಿಯಾದದ್ದು ಅಗಿದರೂ ಸಾಕು, ಕರೆಂಟು ಹೊಡೆದಂತಾಗಿ ಮಾತೇ ನಿಲ್ಲುತ್ತದೆ. ಈ ನೋವು ಶುರುವಾದ ಮೇಲೆ ಅವಳು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಫೋನಿನಲ್ಲಿ ಮಾತ್ರ, "ನಿನ್ ಮಲ್ಲಿಗೆ ಬಳ್ಳಿ ಊ ಬುಟ್ಟದಾ?" ಎಂದು ಕೇಳುತ್ತಿದ್ದಳು.

"ಹೀಟರ್ ಇರುವ ಬಾಡಿಗೆ ಕಾರು ಸಿಗುತ್ತಲ್ಲ ಮಾವ?" ಎಂದಿದ್ದೆ ಒಮ್ಮೆ.

"ಬೀಗಿತ್ತೀನ ಬಾಡ್ಗೆ ಕಾರಲ್ಲಿ ಕರ್ಕೊಂಡ್ ಬರದಾ? ಮಾನ ಮರ್ವಾದೆ ಬ್ಯಾಡ್ವಾ?"

"ಹೋಗಲಿ, ಡಬ್ಬಿಗಳನ್ನಾದರೂ ಹೊಸದು ಹಾಕಿಸಿ."

"ಒಸಾದ್ರ ತಗಡು ಅಪ್ಪಳ ಕಣಮ್ಮ! ಇದು ಒರಿಜಿನಲ್ಲು. ಇಲ್ನೋಡು, ಶಾಸನ ಅದೆ!" ತಗಡಿನಲ್ಲಿ ಅಚ್ಚಾಗಿದ್ದ ನಂಬರನ್ನು ಅವರು ಗಂಗರ ಕಾಲದ ಕಲ್ಲು ಸಿಕ್ಕವರಂತೆ ಬೆರಳಾಡಿಸಿ ಓದಿದರು.

ಅಂದಿನಿಂದ ಶುರುವಾಯಿತು ನೋಡಿ! ತುಕ್ಕು ಬಿಡಿಸಲು ಹುಣಸೆಹಣ್ಣೇ ಶ್ರೇಷ್ಠ ಎಂದರು. ಸಾರಿಗೆಂದು ಭರಣಿಗೆ ಕೈ ಹಾಕಿದರೆ ವರ್ಷದ ಹುಣಸೆಯೆಲ್ಲ ಬಚ್ಚಲಲ್ಲಿ ಡಬ್ಬಿಗಳ ಜೊತೆ ಸ್ನಾನಕ್ಕಿಳಿದಿತ್ತು. ತೂತಿದ್ದರೆ ಎಂಜಿನ್ ಹೊಗೆ ಕಾರಿನೊಳಗೆ ಬರುತ್ತದಲ್ಲ, ಅದರ ಪರೀಕ್ಷೆಗೆ ಸಾಂಬ್ರಾಣಿ ಹೊಗೆ ತುಂಬಿಸಿದರು. ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನಾಚೆಯಿಂದಲೇ ಕೈ ಮುಗಿದರು!

ಕೊನೆಗೆ ಬೆಂಕಿ ತಡೆಯುವ ಬೆಳ್ಳಿ ಬಣ್ಣ ಬಳಿದದ್ದಾಯಿತು. ಆ ಬಣ್ಣ ಕಚ್ಚಿಕೊಳ್ಳಲು ಕಾಯಿಸಬೇಕಂತೆ. ಮಾವನ ಕಣ್ಣು ಮೆಲ್ಲಗೆ ನನ್ನ ಕೇಕಿನ ಓವನ್ನಿನ ಕಡೆ ಹೊರಳಿತು. ನಾನು ಓವನ್ನಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಮರುದಿನ ಡಬ್ಬಿಗಳು ಮದ್ದೂರು ಬಳಿಯ ಕೊಪ್ಪದಲ್ಲಿ ಅವರ ಶಿಷ್ಯನೊಬ್ಬನ ಆಲೆಮನೆಗೆ ಹೋದವು.

"ಏನ್ ಮೇಷ್ಟ್ರೇ, ಒಸಾ ನಮೂನೆ ಬೆಲ್ಲದಚ್ಚಾ?" ಎಂದನಂತೆ ಶಿಷ್ಯ. ಕೊಪ್ಪರಿಗೆಯ ಪಕ್ಕದಲ್ಲೇ ತಂತಿ ಕಟ್ಟಿ ತೂಗುಹಾಕಿದ್ದಾರೆ. ಬಣ್ಣವೇನೋ ಚೆನ್ನಾಗಿ ಕಚ್ಚಿತು. ಆದರೆ ಕುದಿಯುವ ಪಾಕ ಸುಮ್ಮನಿರುತ್ತದೆಯೇ? ಚಿಮ್ಮಿ ಚಿಮ್ಮಿ ಡಬ್ಬಿಯೊಳಗೆ ಸೇರಿತು! ಮನೆಗೆ ತಂದು ಬಿಸಿನೀರಿನಲ್ಲಿ ತೊಳೆದದ್ದೇ ತೊಳೆದದ್ದು. "ಒಂದ್ ತೊಟ್ಟೂ ಉಳ್ದಿಲ್ಲ" ಎಂದು ಘೋಷಿಸಿದರು. ಇರುವೆಗಳಿಗೆ ಮಾತ್ರ ಬೇರೆ ಅಭಿಪ್ರಾಯವಿತ್ತು. ಆ ಬೆಳಗ್ಗೆಯೂ ನನ್ನ ರಂಗೋಲಿಯನ್ನು ದಾಟಿ ಕಾರಿನತ್ತ ಸಾಲುಗಟ್ಟಿದ್ದವು.

ಮಾವ ಕೊನೆಯ ಬೋಲ್ಟ್ ಬಿಗಿದದ್ದೇ ಅಮ್ಮನನ್ನು ಕರೆತರಲು ಹೊರಟು, ಮಂಜು ಕರಗುವ ಮೊದಲೇ ಮಳವಳ್ಳಿ ತಲುಪಿದೆವು. ಅಮ್ಮ ಮುಖಕ್ಕೆಲ್ಲ ಶಾಲು ಸುತ್ತಿ, ಕಣ್ಣಷ್ಟೇ ಬಿಟ್ಟುಕೊಂಡು ನನ್ನ ಪಕ್ಕ ಹಿಂದಿನ ಸೀಟಿನಲ್ಲಿ ಕೂತಳು. ಮಾವ ಕಿಟಕಿಗಳನ್ನೆಲ್ಲ ಏರಿಸಿ, ಸೀಟಿನ ಪಕ್ಕದ ಲಿವರ್ ಎತ್ತಿದರು. ಕಾಲ ಬಳಿ ಮೆಲ್ಲಗೆ ಬಿಸಿ ಗಾಳಿ ಬಂತು. ಹಿಂದೆಯೇ ಘಮ್ಮೆಂದು ಬೆಲ್ಲದ ಪರಿಮಳ!

ಅಮ್ಮನ ಮೂಗು ಶಾಲಿನಿಂದ ಹೊರಬಂತು. "ಬೀಗ್ರೇ, ಕಾರೊಳ್ಗೆ ಆಲೆಮನೆ ಮಡಗಿದ್ದೀರಾ?"

ಮಾವನ ಕಿವಿ ಕೆಂಪಗಾಯಿತು. "ಅದು... ಒರಿಜಿನಲ್ ವಾಸ್ನೆ ಕಣ್ ಬೀಗಿತ್ತಮ್ಮ."

ಅಮ್ಮ ನಕ್ಕಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅದು ಕೆನ್ನೆಗೆ ಹೋಗಲಿಲ್ಲ. ಮದ್ದೂರು ಬರುವಷ್ಟರಲ್ಲಿ ಶಾಲು ಪೂರ್ತಿ ಬಿಚ್ಚಿ ಮಡಿಲಿಗೆ ಬಂದಿತ್ತು. ವಡೆ ಕಟ್ಟಿಸಿಕೊಂಡು, ಅಗಿದು ತಿಂದಳು!

ಬಿಸಿಲೇರಿತು. ಆಗ ಗಮನಿಸಿದೆ: ಮಾವನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಿವಿಯ ಹಿಂದಿನಿಂದ ಬೆವರು ಹನಿಹನಿಯಾಗಿ ಕಾಲರಿಗಿಳಿಯುತ್ತಿತ್ತು. ಆದರೂ ಅವರು ತಮ್ಮ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟೂ ಇಳಿಸಲಿಲ್ಲ. ಮಂಡ್ಯದವರೆಗೂ ಇಳಿಸಲಿಲ್ಲ. ಖಾಲಿ ಲೋಟಕ್ಕೂ ಥ್ಯಾಂಕ್ಸ್ ಹೇಳುವ ನಾನು ಆ ಹೊತ್ತು ಥ್ಯಾಂಕ್ಸ್ ಹೇಳಲಿಲ್ಲ. ನನ್ನ ಕರವಸ್ತ್ರವನ್ನು ಮುಂದೆ ಚಾಚಿದೆ. ಅವರು ತೆಗೆದುಕೊಂಡು ಕತ್ತು ಒರೆಸಿಕೊಂಡರು.

ಸಂಜೆ ಗಾಳಿ ಏಳುವ ಮೊದಲು ಅಮ್ಮ ಮಲ್ಲಿಗೆ ಬಳ್ಳಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಮೊಗ್ಗು ಬಿಡಿಸುತ್ತಿದ್ದಳು. ಒಣಗಿದ ಬಟ್ಟೆ ತೆಗೆಯುತ್ತಿದ್ದ ಜಯಮ್ಮ ಕಾಂಪೌಂಡಿನಾಚೆಯಿಂದ ಮೂಗರಳಿಸಿದರು.

"ಏನ್ ಕಣಮ್ಮ, ಬೆಳಗ್ಗಿಂದ ಬೆಲ್ಲದ ಗಮಲು ಬತ್ತಾನೇ ಅದೆ! ಒಬ್ಬಟ್ಟಾ? ತೌರಿಂದ ಯಾರೋ ಬಂದಂಗದೆ?"